ಹೆಸರು ಹೊಸದು, ಬೇರು ಹಳೆಯದು: ಕೀನ್ಯಾದ ಲುಹ್ಯಾ ಜನ ಯಾರು?

ಮನುಷ್ಯರ ವಂಶವಾಹಿಗಳ ಬಗ್ಗೆ ಅಧ್ಯಯನ ಮಾಡುವವರಿಗೆ ‘ಎಲ್‌ಡಬ್ಲ್ಯುಕೆ’ ಎಂಬ ಸಂಕೇತ ಹೊಸದಲ್ಲ. ಜಗತ್ತಿನ 26 ಜನಸಮೂಹಗಳ 2,504 ಮಂದಿಯ ಡಿಎನ್‌ಎಯನ್ನು ಓದಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ತೆರೆದಿಟ್ಟ ‘1000 ಜೀನೋಮ್ಸ್’ ಯೋಜನೆಯಲ್ಲಿ ಅದು ಒಂದು ಗುಂಪಿನ ಗುರುತು: ಕೀನ್ಯಾದ ವೆಬುಯೆ ಎಂಬ ಊರಿನ ಲುಹ್ಯಾ ಜನ. ಕ್ರೀಡೆಯನ್ನು ಹಿಂಬಾಲಿಸುವವರಿಗೆ ಇದೇ ಸಮುದಾಯ ಇನ್ನೊಂದು ದಾರಿಯಿಂದ ಎದುರಾಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 41.19 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ ಎಮ್ಯಾನುಯೆಲ್ ವನ್ಯೋನ್ಯಿ ಅವರ ಹೆಸರೇ ಲುಹ್ಯಾ ಸೀಮೆಯದು. ಕೀನ್ಯಾದ ಓಟಗಾರರೆಂದರೆ ಎಲ್ಲರೂ ರಿಫ್ಟ್ ಕಣಿವೆಯ ಕಲೆಂಜಿನ್ ಸಮುದಾಯದವರು ಎಂಬ ನಮ್ಮ ಲೆಕ್ಕ ಅಲ್ಲಿ ತಪ್ಪಿತು.

ಈಗ ಮೂರನೆಯ ಕಾರಣವೂ ಸೇರಿಕೊಂಡಿದೆ. 2027ರ ಆಗಸ್ಟ್‌ನಲ್ಲಿ ಕೀನ್ಯಾದಲ್ಲಿ ಮಹಾಚುನಾವಣೆ. ಅಲ್ಲಿನ ಸುದ್ದಿ ಓದತೊಡಗಿದರೆ ‘ಲುಹ್ಯಾ ಮತ ಯಾರಿಗೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರಶ್ನೆ ಕೇಳುವವರು ಲುಹ್ಯಾ ಎಂಬುದೊಂದು ಗಟ್ಟಿ ಗುಂಪು ಎಂದುಕೊಂಡಿರುತ್ತಾರೆ. ಆ ಗುಂಪು ಎಷ್ಟು ಗಟ್ಟಿ, ಎಷ್ಟು ಹಳೆಯದು ಎಂಬುದೇ ಈ ಲೇಖನದ ವಿಷಯ. ವಂಶವಾಹಿ, ಭಾಷೆ, ಹೆಸರು ಮೂರೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತವೆ.

ಎಲ್ಲಿದ್ದಾರೆ, ಎಷ್ಟಿದ್ದಾರೆ

ಕೀನ್ಯಾದ ಪಶ್ಚಿಮದ ಅಂಚಿನಲ್ಲಿ, ವಿಕ್ಟೋರಿಯಾ ಸರೋವರದ ಉತ್ತರಕ್ಕೆ, ಎಲ್ಗನ್ ಪರ್ವತದ ಬುಡದವರೆಗೆ ಹಬ್ಬಿದ ಹಸಿರು ನಾಡು ಇವರದು. ಕಕಮೇಗಾ, ಬುಂಗೋಮಾ, ವಿಹಿಗಾ, ಬುಸಿಯಾ ಎಂಬ ನಾಲ್ಕು ಕೌಂಟಿಗಳು ಇವರ ತವರು. ಪಕ್ಕದ ಟ್ರಾನ್ಸ್ ನ್ಜೋಯಾದಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೌಂಟಿ ಎಂದರೆ ತನ್ನದೇ ಚುನಾಯಿತ ಗವರ್ನರ್ ಮತ್ತು ಸಭೆ ಇರುವ ಆಡಳಿತ ಘಟಕ. ಮಳೆ ಚೆನ್ನಾಗಿ ಬೀಳುವ ಸೀಮೆಯಾದ್ದರಿಂದ ಜನ ಒತ್ತಾಗಿ ನೆಲೆಸಿದ್ದಾರೆ. ವಿಹಿಗಾದಲ್ಲಿ ಒಂದು ಚದರ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ, ಅದೂ ಬಹುಪಾಲು ಹಳ್ಳಿಗಳಲ್ಲೇ.

2019ರ ಜನಗಣತಿಯಲ್ಲಿ ಕೀನ್ಯಾದ ಸುಮಾರು 4 ಕೋಟಿ 76 ಲಕ್ಷ ಜನರ ಪೈಕಿ 68 ಲಕ್ಷಕ್ಕೂ ಹೆಚ್ಚು ಮಂದಿ ತಮ್ಮನ್ನು ಲುಹ್ಯಾ ಎಂದು ಬರೆಸಿಕೊಂಡರು. ಕಿಕುಯು ಸಮುದಾಯದ ನಂತರ ಇದೇ ದೇಶದ ಎರಡನೆಯ ಅತಿ ದೊಡ್ಡ ಸಮುದಾಯ.

ಆದರೆ ಈ 68 ಲಕ್ಷದೊಳಗೆ ಹದಿನಾರರಿಂದ ಹದಿನೆಂಟು ಉಪಸಮುದಾಯಗಳಿವೆ. ಎಣಿಕೆ ಯಾರು ಮಾಡುತ್ತಾರೆ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಬುಕುಸು ಮತ್ತು ಮರಗೋಲಿ ದೊಡ್ಡವು. ವಾಂಗಾ, ಇಸುಖಾ, ಇಡಾಖೊ, ತಿರಿಕಿ, ಬನ್ಯೋರೆ, ಕಬ್ರಾಸ್, ತಚೋನಿ, ಮರಾಮಾ, ಕಿಸಾ, ಮರಾಚಿ, ಖಾಯೊ, ಸಾಮಿಯಾ ಉಳಿದವುಗಳಲ್ಲಿ ಕೆಲವು. ಪ್ರತಿಯೊಂದಕ್ಕೂ ತನ್ನ ನುಡಿ, ತನ್ನ ನೆಲ, ತನ್ನ ವಲಸೆಯ ಕಥೆ ಇದೆ. ಊರಿನಲ್ಲಿ ಯಾರನ್ನಾದರೂ ‘ನೀವು ಯಾರು’ ಎಂದು ಕೇಳಿದರೆ ಬರುವ ಮೊದಲ ಉತ್ತರ ಬುಕುಸು, ಮರಗೋಲಿ ಎಂಬಂತಹದು. ಲುಹ್ಯಾ ಎಂಬ ಉತ್ತರ ನೈರೋಬಿಯಲ್ಲಿ, ಇತರರ ನಡುವೆ ನಿಂತಾಗ ಬಾಯಿಗೆ ಬರುತ್ತದೆ.

ಮೂಲ: ಭಾಷೆ ತೋರಿಸುವ ದಾರಿ

ಲುಹ್ಯಾ ನುಡಿಗಳು ಬಾಂಟು ಕುಟುಂಬಕ್ಕೆ ಸೇರಿದವು. ಬಾಂಟು ಎಂಬುದು ನೂರಾರು ಭಾಷೆಗಳ ಒಂದು ಕುಟುಂಬ. ಸ್ವಾಹಿಲಿ, ಜುಲು, ಕಿಕುಯು, ಲುಗಾಂಡಾ ಎಲ್ಲವೂ ಅದರೊಳಗಿವೆ. ಈ ಕುಟುಂಬದ ತವರು ಇಂದಿನ ಕ್ಯಾಮರೂನ್ ಮತ್ತು ನೈಜೀರಿಯಾ ಗಡಿಯ ಸೀಮೆ ಎಂಬುದನ್ನು ಭಾಷಾಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪುತ್ತಾರೆ. ಅಲ್ಲಿಂದ ಹೊರಟ ಕೃಷಿಕರು ಸಾವಿರಾರು ವರ್ಷಗಳಲ್ಲಿ, ತಲೆಮಾರಿಗೆ ಒಂದಿಷ್ಟು ದೂರದಂತೆ, ಪೂರ್ವಕ್ಕೂ ದಕ್ಷಿಣಕ್ಕೂ ಹರಡಿದರು. ದಂಡು ಕಟ್ಟಿಕೊಂಡು ಹೊರಟ ಯಾತ್ರೆ ಎಂದು ಇದನ್ನು ಕಲ್ಪಿಸಿಕೊಳ್ಳಬಾರದು. ಹೊಲ ಸವೆದಾಗ, ಮಕ್ಕಳಿಗೆ ಜಾಗ ಸಾಲದಾದಾಗ, ಮುಂದಿನ ಕಣಿವೆಗೆ ಸರಿದವರು ಇವರು.

ಮಹಾಸರೋವರಗಳ ಸೀಮೆಗೆ ಅವರು ಬಂದು ನೆಲೆಸಿದ ಕುರುಹು ಮಣ್ಣಿನಲ್ಲಿದೆ. ಕಬ್ಬಿಣ ಕರಗಿಸುವ ವಿದ್ಯೆಯ ಜೊತೆಗೆ ಸಿಗುವ ಒಂದು ಬಗೆಯ ಗೀರು ಚಿತ್ತಾರದ ಮಡಕೆಗಳನ್ನು ಪುರಾತತ್ತ್ವಜ್ಞರು ‘ಉರೇವೆ’ ಶೈಲಿ ಎನ್ನುತ್ತಾರೆ. ಉರೇವೆ ಎಂಬ ಸ್ಥಳ ಇರುವುದು ಪಶ್ಚಿಮ ಕೀನ್ಯಾದಲ್ಲೇ. ಈ ಶೈಲಿ ಎರಡು ಸಾವಿರ ವರ್ಷಕ್ಕೂ ಹಳೆಯದು.

ವೆಬುಯೆಯ ಡಿಎನ್‌ಎ ಕೂಡ ಸ್ಥೂಲವಾಗಿ ಇದೇ ದಾರಿಯನ್ನು ತೋರಿಸುತ್ತದೆ. ಅವರ ವಂಶವಾಹಿಗಳ ದೊಡ್ಡ ಪಾಲು ಪಶ್ಚಿಮ ಆಫ್ರಿಕಾದ ಕಡೆಯ ಜನರಿಗೆ ಹತ್ತಿರ. ಅದರೊಳಗೆ ಪೂರ್ವ ಆಫ್ರಿಕಾದ ಇತರ ಜನರ ಬೆರಕೆಯೂ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ವೆಬುಯೆ ಇರುವುದು ಬುಂಗೋಮಾ ಕೌಂಟಿಯಲ್ಲಿ, ಬುಕುಸು ಜನ ಹೆಚ್ಚಾಗಿರುವ ಸೀಮೆಯಲ್ಲಿ. ಒಂದು ಊರಿನ ನೂರರಷ್ಟು ಮಂದಿಯ ಮಾದರಿ ಹದಿನೆಂಟು ಉಪಸಮುದಾಯಗಳ ಪರವಾಗಿ ಮಾತನಾಡಲಾರದು. ಪ್ರಯೋಗಾಲಯದ ಕೋಷ್ಟಕದಲ್ಲಿ ‘ಲುಹ್ಯಾ’ ಎಂದು ಬರೆದದ್ದನ್ನು ಓದುವಾಗ ಇದು ಮರೆತೇಹೋಗುತ್ತದೆ.

ಹಿರಿಯರು ಹೇಳುವ ಮೂಲ

ಹಿರಿಯರ ಬಾಯಲ್ಲಿ ಇರುವ ಕಥೆ ಬೇರೆ. ಹಲವು ಕುಲಗಳು ತಾವು ‘ಮಿಸ್ರಿ’ಯಿಂದ ಬಂದವರು ಎನ್ನುತ್ತವೆ. ಸ್ವಾಹಿಲಿಯಲ್ಲಿ ಮಿಸ್ರಿ ಎಂದರೆ ಈಜಿಪ್ಟ್. ಆ ಹೆಸರು ನಿಜಕ್ಕೂ ನೈಲ್ ನದಿಯ ಈಜಿಪ್ಟನ್ನೇ ಸೂಚಿಸುತ್ತದೆಯೇ, ಉತ್ತರದ ಯಾವುದೋ ನೆಲೆಯ ನೆನಪೇ, ಅಥವಾ ಬೈಬಲ್ ಓದು ಹಬ್ಬಿದ ಮೇಲೆ ಹಳೆಯ ಕಥೆಗೆ ಅಂಟಿಕೊಂಡದ್ದೇ ಎಂಬ ಚರ್ಚೆ ಮುಗಿದಿಲ್ಲ. ಕಥೆಗಳ ಕೊನೆಯ ಭಾಗ ಹೆಚ್ಚು ನಂಬಲರ್ಹ: ಹಲವರು ಇಂದಿನ ಉಗಾಂಡಾ ಕಡೆಯಿಂದ, ಕಳೆದ ಕೆಲವು ಶತಮಾನಗಳಲ್ಲಿ, ಬೇರೆ ಬೇರೆ ಗುಂಪುಗಳಾಗಿ ಬಂದರು.

ಬಂದವರು ಖಾಲಿ ನೆಲಕ್ಕೆ ಬರಲಿಲ್ಲ. ಬಾಂಟು ಅಲ್ಲದ ನುಡಿಗಳನ್ನಾಡುವ ಕಲೆಂಜಿನ್, ಮಸಾಯಿ, ಲುವೊ ಜನರ ಜೊತೆ ಜಗಳವೂ ಆಯಿತು, ಮದುವೆಯೂ ಆಯಿತು. ತಚೋನಿಗಳ ಹಲವು ಕುಲಗಳು ತಮಗೆ ಕಲೆಂಜಿನ್ ಮೂಲವಿದೆ ಎನ್ನುತ್ತವೆ. ತಿರಿಕಿಗಳು ತಮ್ಮ ದೀಕ್ಷೆಯ ಆಚರಣೆಗಳನ್ನು ಪಕ್ಕದ ತೆರಿಕ್ ಎಂಬ ಕಲೆಂಜಿನ್ ಗುಂಪಿನಿಂದ ಪಡೆದುಕೊಂಡರು. ಹೀಗಾಗಿ ‘ಶುದ್ಧ ಬಾಂಟು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ವಾಂಗಾ ದೊರೆ ಮತ್ತು ಬ್ರಿಟಿಷರು

ಈ ಉಪಸಮುದಾಯಗಳಲ್ಲಿ ಬಹುತೇಕ ಯಾವುದಕ್ಕೂ ರಾಜನಿರಲಿಲ್ಲ. ಕುಲದ ಹಿರಿಯರೇ ತೀರ್ಪುಗಾರರು. ಇದಕ್ಕೆ ದೊಡ್ಡ ಅಪವಾದ ವಾಂಗಾ. ಅವರ ಅರಸನನ್ನು ನಬೊಂಗೊ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಬೊಂಗೊ ಮುಮಿಯಾನ ಊರು, ಅಂದರೆ ಇಂದಿನ ಮುಮಿಯಾಸ್, ಕರಾವಳಿಯಿಂದ ಉಗಾಂಡಾಕ್ಕೆ ಹೋಗುವ ಸ್ವಾಹಿಲಿ ವ್ಯಾಪಾರಿಗಳ ತಂಗುದಾಣವಾಗಿತ್ತು. ಅವರ ಹಿಂದೆಯೇ ಬ್ರಿಟಿಷರೂ ಬಂದರು. ಮುಮಿಯಾ ಅವರನ್ನು ಎದುರಿಸಲಿಲ್ಲ, ಜೊತೆಗೂಡಿದ. ಅವನ ಊರೇ ಬ್ರಿಟಿಷ್ ಆಡಳಿತದ ಕೇಂದ್ರವಾಯಿತು. 1909ರಲ್ಲಿ ಅವನಿಗೆ ಪರಮೋಚ್ಚ ಮುಖ್ಯಸ್ಥನ ಪಟ್ಟ ಸಿಕ್ಕಿತು. ದೀರ್ಘಾಯುಷಿಯಾಗಿ ಬಾಳಿದ ಮುಮಿಯಾ ತೀರಿಕೊಂಡದ್ದು 1949ರಲ್ಲಿ.

ಬುಕುಸುಗಳು ಹಿಡಿದದ್ದು ಬೇರೆ ದಾರಿ. ತಮ್ಮ ಕೈಸೇರಿದ್ದ ಬಂದೂಕುಗಳನ್ನು ಹಿಂದಿರುಗಿಸಲು ಅವರು ಒಪ್ಪದಿದ್ದಾಗ 1895ರಲ್ಲಿ ಚಾರ್ಲ್ಸ್ ಹೋಬ್ಲಿ ಎಂಬ ಅಧಿಕಾರಿಯ ದಂಡು ಅವರ ಮೇಲೆ ಬಿದ್ದಿತು. ಆ ದಂಡಿನಲ್ಲಿ ಸೂಡಾನಿ ಸೈನಿಕರ ಜೊತೆ ವಾಂಗಾಗಳೂ ಇದ್ದರು. ಕಡೆಯ ಕಾಳಗ ನಡೆದದ್ದು ಚೆತಂಬೆ ಎಂಬ ಕೋಟೆಯಲ್ಲಿ, ವೆಬುಯೆಯ ಪಕ್ಕದ ಬೆಟ್ಟದ ಮೇಲೆ. ಆಮೇಲೆ ಬ್ರಿಟಿಷರು ವಾಂಗಾ ಮನೆತನದವರನ್ನು ಬುಕುಸು ಮತ್ತಿತರರ ಮೇಲೆ ಮುಖ್ಯಸ್ಥರನ್ನಾಗಿ ಕೂರಿಸಿದರು. ಮುಮಿಯಾನ ತಮ್ಮ ಮುರುಂಗಾ ಹಾಗೆ ಬುಕುಸು ಸೀಮೆಗೆ ಬಂದವನು. ಅಂದರೆ ಇಂದು ಒಂದೇ ಹೆಸರಿನ ಕೆಳಗಿರುವವರು ಅಂದು ಕಾಳಗದ ಎರಡು ಬದಿಯಲ್ಲಿದ್ದರು. ವಾಂಗಾ ಆಳ್ವಿಕೆಯ ಮೇಲಿನ ಅಸಮಾಧಾನ ಮುಂದೆ ಹಲವು ದಶಕ ಹೊಗೆಯಾಡಿತು.

ಇದೇ ಕಾಲದಲ್ಲಿ ನಕಾಶೆಯ ಗೆರೆಯೂ ಸರಿಯಿತು. ಈ ಸೀಮೆ ಮೊದಲು ಉಗಾಂಡಾದ ಆಡಳಿತದಲ್ಲಿತ್ತು. 1902ರಲ್ಲಿ ಅದನ್ನು ಇಂದಿನ ಕೀನ್ಯಾಕ್ಕೆ ಸೇರಿಸಿದರು. ಎಲ್ಗನ್ ಪರ್ವತದ ಆಚೆಯ ಗಿಸು ಜನ ನುಡಿಯಲ್ಲೂ ಆಚರಣೆಯಲ್ಲೂ ಬುಕುಸುಗಳಿಗೆ ತೀರಾ ಹತ್ತಿರದವರು. ಅವರು ಉಗಾಂಡಾದಲ್ಲೇ ಉಳಿದರು, ಹಾಗಾಗಿ ಲುಹ್ಯಾ ಎಂದು ಕರೆಸಿಕೊಳ್ಳುವುದಿಲ್ಲ.

ಚಿನ್ನ ಸಿಕ್ಕಿತು, ಹೆಸರು ಹುಟ್ಟಿತು

ಬ್ರಿಟಿಷ್ ಕಡತಗಳಲ್ಲಿ ಇವರಿಗೆ ಇದ್ದ ಹೆಸರು ‘ಬಾಂಟು ಕವಿರೊಂಡೊ’. ಪಕ್ಕದ ಲುವೊ ಜನ ‘ನೈಲೋಟಿಕ್ ಕವಿರೊಂಡೊ’. ಹೊರಗಿನವರು ಕೊಟ್ಟ ಈ ಹೆಸರು ಯಾರಿಗೂ ಹಿಡಿಸಿರಲಿಲ್ಲ. ಆದರೆ ಹಿಡಿಸದ ಹೆಸರನ್ನು ಕಿತ್ತುಹಾಕಿ ಹೊಸದನ್ನು ಇಟ್ಟುಕೊಳ್ಳಲು ಒಂದು ತುರ್ತು ಬೇಕಿತ್ತು. ಅದನ್ನು ತಂದದ್ದು ಚಿನ್ನ.

1931ರಲ್ಲಿ ಕಕಮೇಗಾದ ತೊರೆಗಳಲ್ಲಿ ಚಿನ್ನ ಸಿಕ್ಕಿತು. ಜಗತ್ತಿನೆಲ್ಲೆಡೆ ಆರ್ಥಿಕ ಕುಸಿತದ ಕಾಲ. ಕೀನ್ಯಾದ ಬಿಳಿಯ ವಲಸಿಗ ರೈತರೂ ಕಂಗೆಟ್ಟಿದ್ದರು. ನೂರಾರು ಮಂದಿ ಗುದ್ದಲಿ ಹಿಡಿದು ಕಕಮೇಗಾಕ್ಕೆ ಧಾವಿಸಿದರು. ಆ ನೆಲ ಆಫ್ರಿಕನ್ನರಿಗೆಂದು ಮೀಸಲಿಟ್ಟದ್ದು. 1930ರ ಕಾನೂನೊಂದು ಅದನ್ನು ಅವರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತ್ತು. ಒಂದು ತುಂಡನ್ನು ಸರ್ಕಾರ ತೆಗೆದುಕೊಂಡರೆ ಅಷ್ಟೇ ನೆಲವನ್ನು ಬೇರೆಡೆ ಕೊಡಬೇಕು ಎಂದೂ ಹೇಳಿತ್ತು. ಆ ‘ಶಾಶ್ವತ’ ಎರಡೇ ವರ್ಷ ಬಾಳಿತು. 1932ರ ಡಿಸೆಂಬರಿನಲ್ಲಿ ಕಾನೂನು ತಿದ್ದಿ, ಗಣಿಗಾಗಿ ತೆಗೆದುಕೊಂಡ ನೆಲಕ್ಕೆ ಬದಲಿ ನೆಲ ಕೊಡಬೇಕಿಲ್ಲ, ಹಣ ಕೊಟ್ಟರೆ ಸಾಕು ಎಂದರು.

ಒಂದೇ ಬೀದಿಯಲ್ಲಿದ್ದೂ ಮಾತುಕತೆ ಅಷ್ಟಕ್ಕಷ್ಟೇ ಇದ್ದ ಮನೆಗಳು, ಹಿತ್ತಿಲು ಅಳೆಯಲು ಯಾರೋ ಸರಪಳಿ ಹಿಡಿದು ಬಂದ ದಿನ ಸೇರಿಕೊಂಡು ಒಂದೇ ಬೇಲಿ ಹಾಕುವುದುಂಟು. ಇಲ್ಲಿ ಆದದ್ದೂ ಅದೇ. ಮಿಷನ್ ಶಾಲೆಗಳಲ್ಲಿ ಕಲಿತ ಯುವಕರು ‘ನಾರ್ತ್ ಕವಿರೊಂಡೊ ಸೆಂಟ್ರಲ್ ಅಸೋಸಿಯೇಷನ್’ ಎಂಬ ಸಂಘ ಕಟ್ಟಿದರು. ಮರಗೋಲಿಯ ಅಹವಾಲು, ಇಸುಖಾದ ಅಹವಾಲು ಎಂದು ಬಿಡಿಬಿಡಿಯಾಗಿ ಬರೆದರೆ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ನೆಲಕ್ಕೆ ಒಂದು ಜನ ಎಂದು ತೋರಿಸಿದರೆ ಮಾತಿಗೆ ತೂಕ ಬರುತ್ತದೆ. 1930ರ ದಶಕದಲ್ಲಿ ಅವರು ಮುಂದಿಟ್ಟ ಹೆಸರು ‘ಅಬಲುಯಿಯಾ’, ಅಂದರೆ ಇಂದಿನ ಲುಹ್ಯಾ. ಹಿರಿಯರು ಬೆಂಕಿಯ ಸುತ್ತ ಕೂತು ವ್ಯಾಜ್ಯ ತೀರಿಸುವ ಅಂಗಳಕ್ಕಿದ್ದ ಪದದಿಂದ ಅದನ್ನು ಕಟ್ಟಿಕೊಂಡರು. ಯಾವ ಒಂದು ಉಪಸಮುದಾಯದ ಸ್ವತ್ತೂ ಅಲ್ಲದ ಪದ, ಜಾಣ ಆಯ್ಕೆ. 1940ರ ದಶಕದ ಹೊತ್ತಿಗೆ ಅದು ಸಂಘಗಳ, ಸರ್ಕಾರದ ಕಾಗದಗಳಲ್ಲಿ ನೆಲೆಯೂರಿತು. 1948ರಲ್ಲಿ ‘ನಾರ್ತ್ ಕವಿರೊಂಡೊ’ ಎಂಬ ಜಿಲ್ಲೆಯ ಹೆಸರೂ ಹೋಗಿ ‘ನಾರ್ತ್ ನ್ಯಾಂಜಾ’ ಆಯಿತು.

ಹೆಸರು ಹೊಸದು ಎಂದ ಮಾತ್ರಕ್ಕೆ ಗುರುತು ನಕಲಿ ಎಂದು ತೀರ್ಮಾನಿಸುವವರಿದ್ದಾರೆ. ಕೀನ್ಯಾದ ರಾಜಕೀಯ ಚರ್ಚೆಗಳಲ್ಲಿ ಈ ವಾದ ಆಗಾಗ ಕೇಳುತ್ತದೆ. ಅದು ಅವಸರದ ಮಾತು. ಕಲೆಂಜಿನ್ ಎಂಬ ಹೆಸರೂ ಅದೇ ದಶಕಗಳಲ್ಲೇ ಬಳಕೆಗೆ ಬಂದದ್ದು, ಅದರ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ.

ಒಂದು ಜನ, ಎಷ್ಟು ಭಾಷೆ?

ಹೆಸರು ಒಂದಾಯಿತು, ಭಾಷೆ ಒಂದಾಗಲಿಲ್ಲ. ಬುಕುಸು ಆಡುವವನಿಗೂ ಮರಗೋಲಿ ಆಡುವವಳಿಗೂ ಪರಸ್ಪರರ ಮಾತು ಸಲೀಸಾಗಿ ತಿಳಿಯುವುದಿಲ್ಲ. ನಡುವಿನ ಸೀಮೆಯ ನುಡಿಗಳಾದರೆ ಒಂದಕ್ಕೊಂದು ಹತ್ತಿರ. 1940ರ ದಶಕದಲ್ಲಿ ಮಿಷನರಿಗಳು ಸಮಿತಿ ಮಾಡಿ ಎಲ್ಲರಿಗೂ ಒಂದು ಬರವಣಿಗೆಯ ಲುಹ್ಯಾವನ್ನು ರೂಪಿಸಲು ಹೊರಟರು. ಮರಗೋಲಿಗಳು ಒಪ್ಪಲಿಲ್ಲ. ಕ್ವೇಕರ್ ಮಿಷನ್ನಿನ ಕೆಲಸದಿಂದ ಅವರ ನುಡಿಯಲ್ಲಿ ಆಗಲೇ ಮುದ್ರಿತ ಧರ್ಮಗ್ರಂಥವಿತ್ತು, ಅದನ್ನು ಬಿಟ್ಟುಕೊಡುವುದೇಕೆ? ಬುಕುಸುಗಳೂ ದೂರವೇ ಉಳಿದರು. ಇಂದು ಎಲ್ಲರನ್ನೂ ಜೋಡಿಸುವ ಮಾತು ಸ್ವಾಹಿಲಿ, ಇಂಗ್ಲಿಷ್. ಸೀಮೆಯ ಹಲವೆಡೆ ಕೇಳುವ ಒಂದು ಪದ ಮಾತ್ರ ‘ಮುಲೆಂಬೆ’: ಶಾಂತಿ ಎಂಬ ಅರ್ಥದ ನಮಸ್ಕಾರ.

ಕ್ವೇಕರ್ ಎಂದರೆ ಪಾದ್ರಿಯಿಲ್ಲದೆ ಮೌನವಾಗಿ ಪ್ರಾರ್ಥಿಸುವ ಕ್ರೈಸ್ತ ಪಂಥ ಎಂದು ಇಂಗ್ಲೆಂಡಿನ ಚರಿತ್ರೆಯಲ್ಲಿ ಓದಿರುತ್ತೇವೆ. 1902ರಲ್ಲಿ ಅಮೆರಿಕದ ಮೂವರು ಕ್ವೇಕರರು ಕೈಮೋಸಿ ಎಂಬಲ್ಲಿ ನೆಲೆ ಹಾಕಿದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರರು ಇರುವ ದೇಶ ಕೀನ್ಯಾ, ಅವರಲ್ಲಿ ಬಹುಪಾಲು ಲುಹ್ಯಾಗಳು. ಪಾದ್ರಿಯೂ ಇದ್ದಾರೆ, ಹಾಡೂ ಜೋರಾಗಿದೆ!

ಬೆಡಗು, ಹೆಸರು, ಸುನ್ನತಿ

ಉಪಸಮುದಾಯದ ಒಳಗೆ ಕುಲಗಳಿವೆ, ನಮ್ಮ ಹಳ್ಳಿಗಳಲ್ಲಿ ಬೆಡಗು ಎನ್ನುವಂತಹವು. ಕುಲ ತಂದೆಯ ಕಡೆಯಿಂದ ಬರುತ್ತದೆ. ಸ್ವಂತ ಕುಲದಲ್ಲಿ ಮದುವೆ ನಿಷಿದ್ಧ, ತಾಯಿಯ ತವರಿನ ಕುಲದಲ್ಲೂ ಆಗದು. ಸೋದರಮಾವನ ಮಗಳನ್ನು ತರುವುದು ನಮ್ಮ ಕಡೆ ಸಹಜ ಸಂಬಂಧ. ಅಲ್ಲಿ ಅದು ಊಹಿಸಲಾಗದ್ದು.

ಹೆಸರು ಇಡುವ ಕ್ರಮ ಸೊಗಸು. ಬುಕುಸುಗಳಲ್ಲಿ ಮಗು ಹುಟ್ಟಿದ ಕಾಲವೇ ಅದರ ಹೆಸರು. ಮಳೆಗಾಲದಲ್ಲಿ ಹುಟ್ಟಿದ ಗಂಡು ವಫುಲಾ, ಹೆಣ್ಣು ನಫುಲಾ. ಸುಗ್ಗಿಯಲ್ಲಿ ಹುಟ್ಟಿದರೆ ವೆಕೇಸಾ, ನೆಕೇಸಾ. ಕಣಜ ಬರಿದಾದ ಹಸಿವಿನ ತಿಂಗಳಲ್ಲಿ ಹುಟ್ಟಿದವರು ವಂಜಾಲಾ, ನಂಜಾಲಾ. ಕಳೆ ಕೀಳುವ ಕಾಲದ ಗಂಡು ವನ್ಯೋನ್ಯಿ. ಒಲಿಂಪಿಕ್ ಚಾಂಪಿಯನ್ನನ ಹೆಸರಿನೊಳಗೆ ಕಳೆ ಕೀಳುವ ಹೊಲವೊಂದು ಅಡಗಿದೆ. ಇದರ ಜೊತೆಗೆ ಗತಿಸಿದ ಹಿರಿಯರ ಹೆಸರನ್ನೂ ಇಡುತ್ತಾರೆ.

ಬುಕುಸು ಹುಡುಗ ಗಂಡಸಾಗುವುದು ಸುನ್ನತಿಯಿಂದ. ಅದು ಸಮಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಆಗಸ್ಟ್ ಆಸುಪಾಸಿನಲ್ಲಿ ನಡೆಯುತ್ತದೆ. ಪರ್ವತದಾಚೆಯ ಗಿಸುಗಳಲ್ಲೂ ಅದೇ ಲೆಕ್ಕ. ಹುಡುಗ ಕೈಗೆ ಕಬ್ಬಿಣದ ಗಂಟೆಗಳನ್ನು ಕಟ್ಟಿಕೊಂಡು ಬಾರಿಸುತ್ತ, ನೆಂಟರ ಮನೆಗಳಿಗೆ ಓಡಿ ಆಹ್ವಾನ ಕೊಡುತ್ತಾನೆ. ಇಲ್ಲಿ ಸೋದರಮಾವನ ಪಾತ್ರ ದೊಡ್ಡದು. ಅವನು ಎತ್ತು ಕಡಿದು ಅದರ ಮಾಂಸದ ಪಟ್ಟಿಯೊಂದನ್ನು ಹುಡುಗನ ಕೊರಳಿಗೆ ಹಾಕಬೇಕು. ತಂಗಿಯ ಮಗನಿಗೆ ತವರಿನ ಒಪ್ಪಿಗೆ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಮರುದಿನ ನಸುಕಿನಲ್ಲಿ ಹುಡುಗನನ್ನು ಹೊಳೆಗೆ ಕರೆದೊಯ್ದು ಮೈಗೆಲ್ಲ ತಣ್ಣನೆಯ ಕೆಸರು ಬಳಿದು, ಹಾಡುತ್ತ ಅಂಗಳಕ್ಕೆ ತರುತ್ತಾರೆ. ಅವನು ಕದಲದೆ, ಕಣ್ಣು ಮಿಟುಕಿಸದೆ ನಿಲ್ಲಬೇಕು. ಮಾಂಗೊ ಎಂಬ ವೀರ ಊರನ್ನು ಕಾಡುತ್ತಿದ್ದ ಹೆಬ್ಬಾವನ್ನು ಕೊಂದ ಮೇಲೆ ಈ ಪದ್ಧತಿ ಬುಕುಸುಗಳಿಗೆ ಬಂತು ಎಂಬುದು ಐತಿಹ್ಯ.

ಒಟ್ಟಿಗೆ ಸುನ್ನತಿಯಾದವರು ಜೀವನಪೂರ್ತಿ ‘ಬಕೋಕಿ’, ಸಹವಯಸ್ಕರು. ಅವರಿಗೆಲ್ಲ ಒಂದು ಪೀಳಿಗೆಯ ಹೆಸರು ಸಿಗುತ್ತದೆ. ಅಂತಹ ಎಂಟು ಹೆಸರುಗಳಿದ್ದು, ಚಕ್ರದಂತೆ ಸುತ್ತಿ ಸುಮಾರು ನೂರು ವರ್ಷಕ್ಕೊಮ್ಮೆ ಮರಳುತ್ತವೆ. ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಚರಿತ್ರೆಯ ಗಡಿಯಾರ ಇದೇ ಆಗಿತ್ತು. ಈಗ ಅನೇಕ ಕುಟುಂಬಗಳು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತವೆ. ಇನ್ನು ಸಾಮಿಯಾಗಳಲ್ಲಿ ಸಾಂಪ್ರದಾಯಿಕವಾಗಿ ಸುನ್ನತಿಯೇ ಇರಲಿಲ್ಲ. ಲುಹ್ಯಾ ಸಂಸ್ಕೃತಿ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟವಾಗುವುದು ಇಂತಹ ಕಡೆಗಳಲ್ಲೇ.

ಬುಕುಸು ಹಿರಿಯನೊಬ್ಬ ತೀರಿಕೊಂಡರೆ ಮಣ್ಣಾದ ಮೇಲೆ ‘ಕುಮುಸೆ’ ನಡೆಯುತ್ತದೆ. ಕೆಲವೇ ಕುಲಗಳಿಗೆ ಸೇರಿದ ನುರಿತ ಮಾತುಗಾರ ಕೋಲು ಹಿಡಿದು, ನೆರೆದವರ ನಡುವೆ ಅತ್ತಿಂದಿತ್ತ ನಡೆಯುತ್ತ, ಕುಲಗಳ ಚರಿತ್ರೆಯನ್ನೂ ಬದುಕಿರುವವರಿಗೆ ಬುದ್ಧಿಮಾತನ್ನೂ ಗಂಟೆಗಟ್ಟಲೆ ಹೇಳುತ್ತಾನೆ. ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ.

ಮುದ್ದೆ, ಕೋಳಿ, ಡೋಲು, ಗೂಳಿ

ಊಟದ ತಟ್ಟೆಯಲ್ಲಿ ‘ಒಬುಸುಮಾ’ ಇರಲೇಬೇಕು. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿದ ಗಟ್ಟಿ ಮುದ್ದೆ ಅದು. ಈಗ ಮೆಕ್ಕೆಜೋಳದ ಹಿಟ್ಟಿನದು. ಮೊದಲು ರಾಗಿ, ಜೋಳದ್ದು. ಇಲ್ಲಿ ನಮಗೊಂದು ನೇರ ನಂಟಿದೆ. ರಾಗಿಯನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಇಥಿಯೋಪಿಯಾದಿಂದ ಉಗಾಂಡಾವರೆಗಿನ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ಭಾರತಕ್ಕೆ ಬಂತು. ಹಳೆ ಮೈಸೂರಿನ ಮುದ್ದೆ ತಿನ್ನುವವರು ಬುಂಗೋಮಾದಲ್ಲಿ ಕೂತರೆ ಉಣ್ಣುವ ವಿಧಾನ ಯಾರೂ ಹೇಳಿಕೊಡಬೇಕಿಲ್ಲ, ನಂಜಿಕೊಳ್ಳಲು ಸಾರು ಕೇಳಿಯಾರು ಅಷ್ಟೇ. ಜೊತೆಗೆ ದಂಟು, ಅಲಸಂದೆ ಎಲೆ, ಲೋಳೆ ಬಿಡುವ ಸೆಣಬಿನ ಜಾತಿಯ ಸೊಪ್ಪು. ಒಣಗಿದ ಗಿಡ ಸುಟ್ಟ ಬೂದಿಯಿಂದ ಇಳಿಸಿದ ಕ್ಷಾರದ ನೀರಿನಲ್ಲಿ ಸೊಪ್ಪನ್ನು ಮೆತ್ತಗೆ ಬೇಯಿಸುತ್ತಾರೆ.

ಅತಿಥಿಗೆ ಕೋಳಿ ಕೊಯ್ಯದಿದ್ದರೆ ಉಪಚಾರ ಆದಂತೆಯೇ ಅಲ್ಲ. ಕೋಳಿಯ ಕಲ್ಲೊಟ್ಟೆ ಮನೆಯ ಯಜಮಾನನದು. ಹಿಂದೆ ಹೆಂಗಸರು ಕೋಳಿಯನ್ನೂ ಮೊಟ್ಟೆಯನ್ನೂ ತಿನ್ನುವಂತಿರಲಿಲ್ಲ. ಸಾಕುವುದು, ಕೊಯ್ದು ಬೇಯಿಸುವುದು ಮಾತ್ರ ಅವರ ಪಾಲು. ಆ ನಿಷೇಧ ಈಗ ಬಹುಮಟ್ಟಿಗೆ ಸಡಿಲವಾಗಿದೆ.

ಕಕಮೇಗಾದ ಇಸುಖಾ, ಇಡಾಖೊಗಳ ಹೆಮ್ಮೆ ಇಸುಕುಟಿ ಕುಣಿತ. ದೊಡ್ಡ, ನಡುಗಾತ್ರದ, ಸಣ್ಣ ಹೀಗೆ ಮೂರು ಡೋಲುಗಳು, ಕೊಂಬಿನ ವಾದ್ಯ, ಲೋಹದ ಗಿಲಕಿ. ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಅದು ಬೇಕು. ಹೊಸ ತಲೆಮಾರಿಗೆ ಕಲಿಕೆ ತಪ್ಪುತ್ತಿರುವುದರಿಂದ ಯುನೆಸ್ಕೊ 2014ರಲ್ಲಿ ಅದನ್ನು ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇದೇ ಸೀಮೆಯ ಗೂಳಿ ಕಾಳಗಕ್ಕೆ ಅಂತಹ ಚಿಂತೆಯಿಲ್ಲ. ಅಲ್ಲಿ ಮನುಷ್ಯ ಕತ್ತಿ ಹಿಡಿದು ಇಳಿಯುವುದಿಲ್ಲ. ಗೂಳಿಗೆ ಗೂಳಿಯೇ ಎದುರಾಳಿ, ಒಂದು ಹಿಮ್ಮೆಟ್ಟಿದರೆ ಆಟ ಮುಗಿಯಿತು.

ಫುಟ್‌ಬಾಲ್ ಮತ್ತು ಮತಪೆಟ್ಟಿಗೆ

ಲುಹ್ಯಾ ಎಂಬ ಹೆಸರು ಜನಸಾಮಾನ್ಯರ ಎದೆಗೆ ಇಳಿದದ್ದು ಸಂಘಗಳ ಅರ್ಜಿಗಳಿಗಿಂತ ಹೆಚ್ಚಾಗಿ ಫುಟ್‌ಬಾಲ್ ಮೈದಾನದಲ್ಲಿ ಎಂಬುದು ನನ್ನ ಅನಿಸಿಕೆ. ನೈರೋಬಿಗೆ ದುಡಿಯಲು ಹೋದವರು ಮೊದಲು ತಮ್ಮ ತಮ್ಮ ಉಪಸಮುದಾಯದ ಹೆಸರಿನಲ್ಲೇ ತಂಡ ಕಟ್ಟಿಕೊಂಡಿದ್ದರು. 1964ರಲ್ಲಿ ಅಂತಹ ಹಲವು ತಂಡಗಳು ಸೇರಿ ‘ಅಬಲುಹ್ಯಾ ಯುನೈಟೆಡ್’ ಆದವು. ಲುವೊಗಳ ಪ್ರೀತಿಯ ‘ಗೋರ್ ಮಾಹಿಯಾ’ ವಿರುದ್ಧ ಅದರ ಪೈಪೋಟಿ ಕೀನ್ಯಾ ಫುಟ್‌ಬಾಲಿನ ಅತಿ ದೊಡ್ಡ ಜಗಳ. ಜನಾಂಗದ ಹೆಸರಿನ ಸಂಸ್ಥೆಗಳು ಬೇಡ ಎಂದು 1980ರಲ್ಲಿ ಸರ್ಕಾರ ಹೇಳಿದಾಗ ತಂಡ ‘ಎಎಫ್‌ಸಿ ಲೆಪರ್ಡ್ಸ್’ ಎಂದು ಬದಲಾಯಿತು. ಇಂಗ್ಲೆಂಡಿನ ಟಾಟನ್‌ಹ್ಯಾಮ್‌ಗೆ ಆಡಿದ ವಿಕ್ಟರ್ ವನ್ಯಾಮಾ ಅವರ ತಂದೆ ಆಡಿದ್ದೂ ಇದೇ ತಂಡಕ್ಕೆ.

ರಾಜಕೀಯದಲ್ಲಿ ಅಂತಹ ವಿಲೀನ ಆಗಿಲ್ಲ. ಮೈಕಲ್ ವಮಾಲ್ವಾ, ಮೂಡಿ ಅವೋರಿ, ಮುಸಾಲಿಯಾ ಮುದವಾದಿ ಉಪಾಧ್ಯಕ್ಷರಾದರು. ಅಧ್ಯಕ್ಷ ಪದವಿ ಮಾತ್ರ ಈವರೆಗೆ ಯಾವ ಲುಹ್ಯಾ ನಾಯಕರಿಗೂ ದಕ್ಕಿಲ್ಲ. 2022ರ ಅಧ್ಯಕ್ಷ ಚುನಾವಣೆಯಲ್ಲಿ ಮರಗೋಲಿಯ ಮುದವಾದಿ ಮತ್ತು ಬುಕುಸು ನಾಯಕ ಮೋಸೆಸ್ ವೆಟಾಂಗುಲಾ ಇಬ್ಬರೂ ಅಭ್ಯರ್ಥಿ ವಿಲಿಯಂ ರುಟೊ ಬೆನ್ನಿಗೆ ನಿಂತರು. ರುಟೊ ಗೆದ್ದ ಮೇಲೆ ಒಬ್ಬರು ಸಂಪುಟದ ಪ್ರಧಾನ ಕಾರ್ಯದರ್ಶಿ, ಇನ್ನೊಬ್ಬರು ರಾಷ್ಟ್ರೀಯ ಸಭೆಯ ಸ್ಪೀಕರ್ ಆದರು. ಮತದಾರರು ನಾಯಕರ ಹಿಂದೆ ಸಾಲಾಗಿ ಹೋಗಲಿಲ್ಲ. ವೆಟಾಂಗುಲಾ ಅವರ ಬುಂಗೋಮಾದಲ್ಲಿ ರುಟೊ ಮುಂದಿದ್ದರು. ಕಕಮೇಗಾ, ಬುಸಿಯಾ, ಮುದವಾದಿಯವರ ಸ್ವಂತ ವಿಹಿಗಾ ಮೂರೂ ರುಟೊ ಅವರ ಎದುರಾಳಿ ರೈಲಾ ಒಡಿಂಗಾ ಅವರನ್ನು ಆರಿಸಿದವು.